ನನ್ನ ಗಾಡಿ, ಎದುರಿನವರ ಕಣ್ಣು

'ನನ್ನ ವಸ್ತು, ನನ್ನ ಇಷ್ಟ' ಎಂಬ ಮಾತನ್ನು ನಾವು ದಿನನಿತ್ಯ ಕೇಳುತ್ತೇವೆ, ಆಡುತ್ತೇವೆ. ಸ್ವಂತ ದುಡ್ಡಿನಿಂದ ಕೊಂಡ ವಸ್ತುವನ್ನು ಸ್ವಂತ ಮನೆಯಂಗಳದಲ್ಲಿ, ಸ್ವಂತ ಕೈಯಿಂದ ಒಬ್ಬನು ಬದಲಾಯಿಸಿಕೊಂಡರೆ ಅದನ್ನು ಪ್ರಶ್ನಿಸಲು ಮೂರನೆಯವರಿಗೆ ಹಕ್ಕುಂಟೇ? ಮೇಲುನೋಟಕ್ಕೆ ಇಲ್ಲವೆಂದೇ ತೋರುತ್ತದೆ. ಆದರೆ ಒಂದು ಸಣ್ಣ ಉದಾಹರಣೆಯನ್ನು ಹಿಡಿದು ಅದರ ಕೊನೆಯವರೆಗೂ ಹೋಗಿ ನೋಡಿದರೆ ಉತ್ತರ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಉದಾಹರಣೆ ಅಮೆರಿಕದ್ದು. ನಮ್ಮಲ್ಲಿ ಅನೇಕರ ಮಕ್ಕಳೂ ಬಂಧುಗಳೂ ಅಲ್ಲಿ ನೆಲೆಸಿರುವುದರಿಂದ ವಾಚಕರಿಗೆ ಇದು ತೀರ ದೂರದ ಮಾತೆನಿಸಲಾರದು.

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂಬುದು ಮನೆಬಳಕೆಯ ವಾಹನವೂ ಹೌದು. ಮುಂದೆ ಕಾರಿನಂತೆ ಕೂರುವ ಜಾಗ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಫೋರ್ಡ್ ಕಂಪನಿಯ ಎಫ್-150 ಇದಕ್ಕೆ ಪ್ರಸಿದ್ಧ ನಿದರ್ಶನ. ಕಾರ್ಖಾನೆಯಿಂದ ಹೊರಬರುವಾಗ ಇಂಥ ಟ್ರಕ್ಕಿನ ಹಿಂಭಾಗವು ಸಾಮಾನ್ಯವಾಗಿ ಮುಂಭಾಗಕ್ಕಿಂತ ಒಂದೆರಡು ಅಂಗುಲ ಎತ್ತರವಾಗಿರುತ್ತದೆ. ಇದು ದೋಷವಲ್ಲ. ಹೊರೆ ಬಿದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಗ್ಗುತ್ತವೆ. ಆಗ ಗಾಡಿ ಮಟ್ಟವಾಗಿ ನಿಲ್ಲಲೆಂದೇ ಈ ಏರ್ಪಾಡು. ನಮ್ಮ ಎತ್ತಿನ ಗಾಡಿ ಹೊಡೆಯುವವರಿಗೆ ಈ ಲೆಕ್ಕ ಹೊಸದಲ್ಲ. ಹೊರೆ ಮುಂದಾದರೆ ಎತ್ತುಗಳ ಹೆಗಲಿಗೆ ಭಾರ. ಹಿಂದಾದರೆ ನೊಗ ಮೇಲೆದ್ದು ಕೊರಳ ಕಣ್ಣಿ ಬಿಗಿಯುತ್ತದೆ. ಖಾಲಿ ಟ್ರಕ್ಕಿನ ಆ ಓರೆಯೆಂದರೆ ಮುಂದೆ ಬರಲಿರುವ ಹೊರೆಗಾಗಿ ಕಾದಿರಿಸಿದ ಸ್ಥಳ.

ಆದರೆ ಹೊರೆ ಹೊರುವ ಟ್ರಕ್ಕುಗಳಂತೆಯೇ ಹೊರೆ ಹೊರದ ಟ್ರಕ್ಕುಗಳೂ ಬಹಳ. ಅವುಗಳ ಒಡೆಯರಿಗೆ ಮೂತಿ ತಗ್ಗಿಸಿ ನಿಂತ ಗಾಡಿ ಅಂದವಾಗಿ ಕಾಣುವುದಿಲ್ಲ. ಮುಂಭಾಗವನ್ನು ಎತ್ತರಿಸಿ ಹಿಂದು ಮುಂದನ್ನು ಸಮಮಾಡಲು 'ಲೆವೆಲಿಂಗ್ ಕಿಟ್' ಎಂಬ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಇದರಲ್ಲಿ ಮುಖ್ಯವಾದುದು ಎರಡು ದಪ್ಪ ಬಿಲ್ಲೆಗಳು. ಗಾಡಿಯನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಸ್ಪ್ರಿಂಗ್ ಹೊತ್ತ ಸ್ಟ್ರಟ್ಟನ್ನು ಬಿಚ್ಚಿ, ಅದರ ನೆತ್ತಿಯ ಮೇಲೆ ಬಿಲ್ಲೆಯನ್ನಿಟ್ಟು ಮತ್ತೆ ಜೋಡಿಸಬೇಕು. ಸ್ಟ್ರಟ್ಟಿನ ಬುಡವು ಚಕ್ರದ ಬಳಿ ಇರದೆ ಕೆಳತೋಳಿನ ನಡುಭಾಗದಲ್ಲಿ ಕೂರುವುದರಿಂದ, ಸನ್ನೆಕೋಲಿನ ನಿಯಮದಂತೆ, ಸುಮಾರು ಒಂದು ಅಂಗುಲದ ಬಿಲ್ಲೆ ಗಾಡಿಯನ್ನು ಸುಮಾರು ಎರಡು ಅಂಗುಲ ಎತ್ತುತ್ತದೆ. ಕೈಪಳಗಿದವನಿಗೆ ಒಂದು ರಜಾದಿನದ ಕೆಲಸ. ಕೆಲವು ಬಗೆಯ ಕಿಟ್ಟುಗಳಲ್ಲಿ ಸ್ಪ್ರಿಂಗನ್ನೇ ಅದುಮಿ ಬಿಚ್ಚಬೇಕಾಗುತ್ತದೆ. ಅದುಮಿದ ಸ್ಪ್ರಿಂಗು ಕೈತಪ್ಪಿದರೆ ಪ್ರಾಣಕ್ಕೇ ಅಪಾಯ.

ಇಂಥ ಕೆಲಸವನ್ನು ತಾನೇ ಮಾಡಿಕೊಳ್ಳುವವನನ್ನು ಹಗುರವಾಗಿ ಕಾಣುವುದು ಸಲ್ಲದು. ಚಿಕ್ಕ ರಿಪೇರಿಗೂ ಮೆಕ್ಯಾನಿಕ್ಕನ ದಾರಿ ಕಾಯುವ ನಮ್ಮಂಥವರಿಗೆ, ಎಣ್ಣೆ ಮೆತ್ತಿದ ಕೈಗಳಿಂದ ತನ್ನ ಯಂತ್ರವನ್ನು ಅರಿತುಕೊಳ್ಳುವ ಆ ಸ್ವಾವಲಂಬನೆ ಅನುಕರಣೀಯವೇ ಸರಿ. ಕೆಲವರಿಗೆ ನಿಜವಾದ ಅವಶ್ಯಕತೆಯೂ ಇರುತ್ತದೆ. ಹಿಮ ಬೀಳುವ ನಾಡಿನಲ್ಲಿ ಟ್ರಕ್ಕಿನ ಮುಂದೆ ಹಿಮ ತಳ್ಳುವ ಭಾರವಾದ ಹಲಗೆಯನ್ನು ಕಟ್ಟುವವನಿಗೆ ಮುಂಭಾಗವನ್ನು ಎತ್ತರಿಸುವುದು ಕೇವಲ ಶೋಕಿಯಲ್ಲ.

ಹಾಗಾದರೆ ನೈತಿಕ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಎಂಬ ಗ್ರಂಥದಲ್ಲಿ, ಒಬ್ಬನ ಸ್ವಾತಂತ್ರ್ಯಕ್ಕೆ ಸಮಾಜ ಅಡ್ಡಬರಬಹುದಾದುದು ಇತರರಿಗೆ ಆಗುವ ಹಾನಿಯನ್ನು ತಡೆಯಲು ಮಾತ್ರ ಎಂದು ವಾದಿಸಿದ. ಈ ಗೆರೆಯನ್ನು ನಮ್ಮ ಟ್ರಕ್ಕಿಗೆ ಎಳೆದು ನೋಡೋಣ. ಮುಂಭಾಗ ಎತ್ತರವಾದಾಗ ಚಕ್ರಗಳ ಕೋನ ಬದಲಾಗುತ್ತದೆ; ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಕಡೆ ಸವೆಯುತ್ತದೆ. ಬಾಲ್ ಜಾಯಿಂಟುಗಳ ಮೇಲೆ ಒತ್ತಡ ಬೀಳುತ್ತದೆ. ಇವು ಬಹುಮಟ್ಟಿಗೆ ಒಡೆಯನ ಜೇಬಿಗೆ ಸಂಬಂಧಪಟ್ಟ ನಷ್ಟಗಳು. ಅವನು ಒಪ್ಪಿದರೆ ಆಯಿತು.

ಆದರೆ ಹೆಡ್‌ಲೈಟಿನ ವಿಷಯ ಹಾಗಲ್ಲ. ಲೆಕ್ಕ ಹಾಕಿ ನೋಡೋಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 12 ಅಡಿ, ಅಂದರೆ 144 ಅಂಗುಲ, ಅಂತರವಿದೆಯೆಂದು ಇಟ್ಟುಕೊಳ್ಳಿ. ಮುಂಭಾಗವನ್ನು 2 ಅಂಗುಲ ಎತ್ತಿದರೆ ಗಾಡಿ 72ಕ್ಕೆ 1ರಂತೆ ಹಿಂದಕ್ಕೆ ವಾಲುತ್ತದೆ. ದೀಪದ ಕಿರಣವೂ ಅದೇ ಪ್ರಮಾಣದಲ್ಲಿ ಮೇಲೇಳುತ್ತದೆ. 25 ಅಡಿ ದೂರದಲ್ಲಿ ಈ ಏರಿಕೆ 4 ಅಂಗುಲಕ್ಕಿಂತ ತುಸು ಹೆಚ್ಚು. 25 ಅಡಿಯಲ್ಲಿ ಸುಮಾರು 2 ಅಂಗುಲ ಕೆಳಗಿಳಿಯುವಂತೆ ಹೊಂದಿಸಿದ್ದ ತಗ್ಗು ಬೆಳಕು ಈಗ ಅಷ್ಟೇ ಮೇಲಕ್ಕೆ ಏರುತ್ತದೆ. 100 ಅಡಿ ದೂರದಲ್ಲಿ ವ್ಯತ್ಯಾಸ 16 ಅಂಗುಲವನ್ನೂ ಮೀರುತ್ತದೆ. ನೆಲ ನೋಡುತ್ತಿದ್ದ ದೀಪ ಎದುರಿನವರ ಕಣ್ಣು ನೋಡತೊಡಗುತ್ತದೆ. ಇಂಥ ಗಾಡಿಗೆ ಹಿಂದೆ ಹೊರೆ ಹೇರಿದರಂತೂ ಬಾಲ ಇಳಿದು ಮೂತಿ ಮತ್ತೂ ಏಳುತ್ತದೆ.

ರಾತ್ರಿ ಎದುರಿನಿಂದ ಬರುವ ವೃದ್ಧ ಚಾಲಕನಾಗಲಿ, ಸೈಕಲ್ ಸವಾರನಾಗಲಿ ಈ ಬದಲಾವಣೆಗೆ ಒಪ್ಪಿಗೆ ಕೊಟ್ಟವರಲ್ಲ. ಗಾಡಿಯ ಎತ್ತರದ್ದೂ ಇದೇ ಮಾತು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮುಂಭಾಗದ ಎತ್ತರ 40 ಅಂಗುಲ ಮೀರಿದ ವಾಹನಗಳು ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಅಂಗುಲದೊಳಗಿನ ಇಳಿಜಾರು ಮೂತಿಯ ವಾಹನಗಳಿಗಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ಮೊದಲೇ ಎತ್ತರವಾಗಿರುವ ಗಾಡಿಯನ್ನು ಅಂದಕ್ಕಾಗಿ ಇನ್ನೆರಡು ಅಂಗುಲ ಎತ್ತುವಾಗ ಈ ಮಾತು ನೆನಪಿರಬೇಕು. 'ಆನೆ ನಡೆದದ್ದೇ ದಾರಿ' ಎಂಬ ಗಾದೆ ರಸ್ತೆಯ ಮೇಲೆ ಸಲ್ಲುವುದಿಲ್ಲ.

ಇದಕ್ಕೆಲ್ಲ ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. ನಮ್ಮ ದೇಶದಲ್ಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ಅಮೆರಿಕದಲ್ಲಿ ಈ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂತಿಯನ್ನು ಆಕಾಶಕ್ಕೆತ್ತಿ ಬಾಲವನ್ನು ನೆಲಕ್ಕಿಳಿಸುವ ಹುಚ್ಚು ಹೆಚ್ಚಿದಾಗ ಉತ್ತರ ಕ್ಯಾರೊಲಿನಾ ರಾಜ್ಯವು, ಮುಂಭಾಗ ಹಿಂಭಾಗಕ್ಕಿಂತ 4 ಅಂಗುಲ ಅಥವಾ ಅದಕ್ಕೂ ಹೆಚ್ಚು ಎತ್ತರವಾಗುವಂತೆ ಮಾರ್ಪಡಿಸುವುದನ್ನು 2021ರ ಡಿಸೆಂಬರಿನಿಂದ ನಿಷೇಧಿಸಿತು. ಆದರೆ ನಮ್ಮ ಉದಾಹರಣೆಯ ಗಾಡಿ ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆ ಗೆರೆಯ ಈಚೆಗೆ ಉಳಿಯುವ ವಿಸ್ತಾರವಾದ ಪ್ರದೇಶವೆಲ್ಲ ಅಂತಃಸಾಕ್ಷಿಯ ಅಧೀನ.

ಮನೆಯಲ್ಲಿ ಮಾಡುವ ಕೆಲಸಕ್ಕೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಲ್ಲಿ ಮೇಸ್ತ್ರಿಯೂ ಅವನೇ, ಪರೀಕ್ಷಕನೂ ಅವನೇ. ನಟ್ಟು ಸಡಿಲವಾಗಿದ್ದರೆ ಗಾಡಿಯೇ ಸದ್ದು ಮಾಡಿ ಹೇಳುತ್ತದೆ. ದೀಪ ಎತ್ತರವಾಗಿದ್ದರೆ ಒಡೆಯನಿಗೆ ರಸ್ತೆ ಮತ್ತಷ್ಟು ದೂರ ಕಂಡು ಸಂತೋಷವೇ ಆಗುತ್ತದೆ. ತನಗೆ ಅನುಕೂಲವಾಗಿ ತೋರುವ ತಪ್ಪನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಈ ಕಷ್ಟ ಟ್ರಕ್ಕಿನವನೊಬ್ಬನದೇ ಅಲ್ಲ. ಮಹಾನಗರದ ಬಹುಮಹಡಿ ಕಟ್ಟಡದಲ್ಲಿ ತನ್ನ ಫ್ಲ್ಯಾಟಿನ ಹಜಾರ ದೊಡ್ಡದಾಗಲೆಂದು ಗೋಡೆ ಒಡೆಸುವವನಿಗೂ ಅದು ತನ್ನದೇ ಗೋಡೆಯಾಗಿ ಕಾಣುತ್ತದೆ. ಅದು ಹೊತ್ತಿರಬಹುದಾದ ಮೇಲಿನ ಮನೆಗಳ ಭಾರ ಕಾಣುವುದಿಲ್ಲ.

ಆದುದರಿಂದ 'ನನ್ನದು' ಎಂಬ ಮಾತಿನಲ್ಲಿ ವಸ್ತುವಿನ ಜೊತೆಗೆ ಅದರ ಪರಿಣಾಮಗಳೂ ಸೇರಿವೆಯೆಂದು ಭಾವಿಸುವುದು ನ್ಯಾಯ. ಹೀಗೆ ಭಾವಿಸಿದರೆ ಗಾಡಿ ಎತ್ತರಿಸುವುದನ್ನೇ ಬಿಡಬೇಕೆಂದಿಲ್ಲ. ಕೆಲಸದ ಪಟ್ಟಿಗೆ ಇನ್ನೊಂದು ಬಾಬು ಸೇರುತ್ತದೆ, ಅಷ್ಟೆ. ಬಿಲ್ಲೆ ಹಾಕುವ ಮೊದಲು ಸಮನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ಮಟ್ಟಕ್ಕಿಂತ ಎಷ್ಟು ಕೆಳಗೆ ಬೀಳುತ್ತದೆಂದು ಗುರುತು ಹಾಕಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ದೀಪದ ಹಿಂದಿನ ತಿರುಪನ್ನು ತಿರುಗಿಸಿ ಮತ್ತೆ ಅಷ್ಟೇ ಕೆಳಗೆ ತರಬೇಕು. ಕಾಲು ಗಂಟೆಯ ಕೆಲಸ. ಇದಕ್ಕಾಗಿ ಅವನಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ, ಏಕೆಂದರೆ ಕಣ್ಣು ಕೋರೈಸದ ಬೆಳಕು ಎದುರಿನವರ ಗಮನಕ್ಕೇ ಬರುವುದಿಲ್ಲ. ಅವರು ತಮ್ಮ ದಾರಿ ಕಂಡುಕೊಂಡು ನೆಮ್ಮದಿಯಾಗಿ ಮನೆ ಸೇರುತ್ತಾರೆ.