ಗಾರೆ ಕಲಿಸುವ ಪಾಠ

ರಜೆಗೆ ಊರಿಗೆ ಹೋದಾಗ ಅಜ್ಜನ ಕಾಲದ ಮನೆಯ ಇಟ್ಟಿಗೆಗೋಡೆ ಸಂದು ಬಿಟ್ಟಿರುವುದನ್ನು ಕಾಣುತ್ತೇವೆ. ಮುಂಬಯಿಗೆ ಮರಳಿ ಹಣ ಕಳುಹಿಸುತ್ತೇವೆ: “ಸಿಮೆಂಟು ಹಾಕಿಸಿಬಿಡಿ, ಮತ್ತೆ ಆ ಕಡೆ ನೋಡುವಂತಿರಬಾರದು.” ನಮ್ಮಲ್ಲಿ ಪ್ರೀತಿಗೆ ಕೊರತೆಯಿಲ್ಲ, ಪುರಸೊತ್ತಿಗೆ ಇದೆ.

ಆದರೆ ಆ ಗೋಡೆ ಕಟ್ಟಿದ್ದು ಸುಣ್ಣ, ಮರಳು, ಇಟ್ಟಿಗೆಪುಡಿ ಅರೆದ ಗಾರೆಯಿಂದ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತದ್ದು 1824ರಲ್ಲಿ. ಸುಣ್ಣದ ಗಾರೆ ಅದಕ್ಕಿಂತ ಸಾವಿರಾರು ವರ್ಷ ಹಿರಿಯದು. ಮಳೆಗಾಲದಲ್ಲಿ ಗೋಡೆ ಹೀರಿದ ತೇವ ಈ ಗಾರೆಯ ಮೂಲಕ ಹೊರಹೋಗುತ್ತದೆ. ಗಟ್ಟಿ ಸಿಮೆಂಟು ಆ ದಾರಿ ಮುಚ್ಚಿದರೆ ತೇವವೂ ಉಪ್ಪೂ ಇಟ್ಟಿಗೆಯಲ್ಲೇ ಉಳಿದು, ಕ್ರಮೇಣ ಇಟ್ಟಿಗೆಯ ಮುಖವೇ ಪುಡಿಯಾಗಿ ಉದುರುತ್ತದೆ. ಸಂದಿನ ಗಾರೆ ಇಟ್ಟಿಗೆಗಿಂತ ಮೃದುವಾಗಿರಬೇಕು. ಸವೆಯುವುದಾದರೆ ತಾನು ಸವೆಯಬೇಕು. ಗಾರೆಯನ್ನು ಕೆರೆದು ಮತ್ತೆ ತುಂಬಬಹುದು, ಇಟ್ಟಿಗೆಯನ್ನಲ್ಲ.

ಹಾಗಾದರೆ ನಾವು ಬಯಸಿದ್ದು ಮನೆಯ ಬಾಳಿಕೆಯನ್ನೋ, ನಮ್ಮ ಬಿಡುಗಡೆಯನ್ನೋ? ಸಿಮೆಂಟು ಕೆಟ್ಟದ್ದಲ್ಲ, ಇಲ್ಲಿ ನಮ್ಮ ಮಹಡಿಮನೆಗಳು ನಿಂತಿರುವುದೇ ಅದರಿಂದ. ಆದರೆ ಹಳೆಯದಕ್ಕೆ ಆಸರೆಯಾಗುವವನು ತನ್ನ ಬಲವನ್ನು ಹೇರದೆ ಅದರ ಹದಕ್ಕೆ ಇಳಿಯಬೇಕು, ಆಗಾಗ ಬಂದು ನೋಡಬೇಕು. ಊರಲ್ಲುಳಿದ ಹಿರಿಯರ ವಿಷಯದಲ್ಲೂ ಇದೇ ಮಾತು. ಹಣ ಕಳುಹಿಸಬಹುದು, ಹೋಗಿಬರುವ ಕೆಲಸ ಮಾತ್ರ ನಮ್ಮಿಂದಲೇ ಆಗಬೇಕು.