ಸೇವೆಯ ತೂಕ

ಕಳೆದ ಚಾತುರ್ಮಾಸ್ಯದಲ್ಲಿ ಒಂದು ಭಾನುವಾರ ಪರಿಚಿತ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಇಂಜಿನಿಯರಿಂಗ್ ವಿದ್ಯಾಭ್ಯಾಸದ ಕೊನೆಯ ವರ್ಷದಲ್ಲಿದ್ದಾನೆ. ಪರದೇಶದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿದ್ದಾನೆ. ಆ ಅರ್ಜಿಯಲ್ಲಿ ಅಂಕಪಟ್ಟಿಯಲ್ಲದೆ ಇನ್ನೂ ಮೂರು ಭಾಗಗಳಿದ್ದವು: ನಾಯಕತ್ವ, ಸಮಾಜಸೇವೆ, ಸಂಶೋಧನೆ. ತಂದೆ ಹೇಳಿದರು: "ರಾಯರೇ, ಆರಾಧನೆ, ಉತ್ಸವಗಳಲ್ಲಿ ಇವನು ಎರಡು ವರ್ಷದಿಂದ ಸೇವೆ ಮಾಡುತ್ತಿದ್ದಾನೆ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿಕೊಡಿ. ನಿಮ್ಮಂಥ ಹಿರಿಯರ ಮಾತಿಗೆ ತೂಕವುಂಟು." ಪಂಕ್ತಿಯಲ್ಲಿ ಬಡಿಸುವವರ ನಡುವೆ ಈ ಹುಡುಗನನ್ನು ನಾವು ಕಂಡದ್ದು ನಾಲ್ಕು ಸಲ ಎಂದು ನೆನಪು. ಒಂದು ವಾರ ಅವಕಾಶ ಕೇಳಿಕೊಂಡೆವು.

ಆ ವಾರವೆಲ್ಲ ನಮ್ಮನ್ನು ಕಾಡಿದ ಪ್ರಶ್ನೆ ಇದು: ವಿದ್ಯೆಗೆ ಅಂಕ ಕೊಡಬಹುದು, ಸೇವೆಗೆ ಅಂಕ ಕೊಡಬಹುದೆ? ಕೊಟ್ಟರೆ ಅದು ಸೇವೆಯಾಗಿಯೇ ಉಳಿದೀತೆ?

ಈ ಬಗೆಯ ವಿದ್ಯಾರ್ಥಿವೇತನಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರೋಡ್ಸ್ ವಿದ್ಯಾರ್ಥಿವೇತನ. ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಿಂದ ಅಪಾರ ಧನ ಗಳಿಸಿದ ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡಾಗ ಅವನ ಮರಣಶಾಸನದಂತೆ ಅದು ಸ್ಥಾಪಿತವಾಯಿತು. ಬರಿಯ ಗ್ರಂಥಕೀಟಗಳು ತನಗೆ ಬೇಡವೆಂಬುದು ಅವನ ಅಭಿಪ್ರಾಯವಾಗಿತ್ತು. ಆದುದರಿಂದ ನಾಲ್ಕು ಯೋಗ್ಯತೆಗಳನ್ನು ನಿರ್ದೇಶಿಸಿದನು. ಮೊದಲನೆಯದು ಪಾಂಡಿತ್ಯ, ಎರಡನೆಯದು ಆಟೋಟಗಳಲ್ಲಿ ಆಸಕ್ತಿ ಮತ್ತು ಯಶಸ್ಸು, ಮೂರನೆಯದು ಸತ್ಯ, ಧೈರ್ಯ, ಕರ್ತವ್ಯನಿಷ್ಠೆ, ದುರ್ಬಲರಲ್ಲಿ ಅನುಕಂಪ, ನಿಃಸ್ವಾರ್ಥತೆ ಮೊದಲಾದ ಗುಣಗಳು, ನಾಲ್ಕನೆಯದು ವಿದ್ಯಾರ್ಥಿದೆಸೆಯಲ್ಲಿಯೇ ತೋರಿಬರುವ ನೈತಿಕ ಬಲ ಹಾಗೂ ನಾಯಕತ್ವದ ಪ್ರವೃತ್ತಿ.

ಇದಕ್ಕಿಂತ ವಿಚಾರಣೀಯವಾದದ್ದು ಇವುಗಳನ್ನು ಅಳೆಯಲು ಅವನು ಸೂಚಿಸಿದ ಕ್ರಮ. ಪಾಂಡಿತ್ಯಕ್ಕೆ ಪರೀಕ್ಷೆ. ಆಟಕ್ಕೂ ಗುಣಕ್ಕೂ ಸಹಪಾಠಿಗಳ ಮತದಾನ. ನಾಯಕತ್ವಕ್ಕೆ ಮುಖ್ಯೋಪಾಧ್ಯಾಯನ ಅಭಿಪ್ರಾಯ. ಅಂದರೆ, ಒಬ್ಬ ಹುಡುಗ ನಿಃಸ್ವಾರ್ಥಿಯೇ ಅಲ್ಲವೇ ಎಂಬುದನ್ನು ಅವನೊಡನೆ ಉಂಡು, ಆಡಿ, ಜಗಳವಾಡಿದ ಹುಡುಗರೇ ಹೇಳಬೇಕು. ಅರ್ಜಿದಾರನು ತನ್ನ ಗುಣವನ್ನು ತಾನೇ ವರ್ಣಿಸುವ ಪ್ರಸಂಗವೇ ಅಲ್ಲಿರಲಿಲ್ಲ. ಕಾಲಕ್ರಮದಲ್ಲಿ ಈ ಮತದಾನದ ಕ್ರಮ ಹೋಗಿ, ಅರ್ಜಿ, ಶಿಫಾರಸುಪತ್ರ, ಸಂದರ್ಶನಗಳ ಕ್ರಮ ನಿಂತಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಇದೇ ವೇತನದಿಂದ ಎಂಬುದು ಕನ್ನಡಿಗರಿಗೆ ತಿಳಿದ ಸಂಗತಿ.

ಈಗ ಪೂರ್ವಪಕ್ಷವನ್ನು ನೋಡೋಣ. ಸೇವೆಗೆ ಬೆಲೆ ಕಟ್ಟಿದೊಡನೆ ಅದು ವ್ಯಾಪಾರವಾಗುತ್ತದೆ ಎಂಬುದು ಒಂದು ಆಕ್ಷೇಪ. ನಮ್ಮ ದೇಶದ ರಾಷ್ಟ್ರೀಯ ಸೇವಾ ಯೋಜನೆಯನ್ನೇ ತೆಗೆದುಕೊಳ್ಳೋಣ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಅದು ಆರಂಭವಾಯಿತು. 'ನಾನಲ್ಲ, ನೀನು' ಎಂಬರ್ಥದ ಧ್ಯೇಯವಾಕ್ಯ ಅದಕ್ಕೆ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಏಳು ದಿನಗಳ ವಿಶೇಷ ಶಿಬಿರವೂ ಉಂಟು. ಅದರಿಂದ ಎಷ್ಟೋ ಹಳ್ಳಿಗಳಿಗೆ ಉಪಕಾರವಾಗಿದೆ, ಎಷ್ಟೋ ನಗರದ ಮಕ್ಕಳು ಮೊದಲ ಬಾರಿಗೆ ಹಳ್ಳಿಯ ಮಣ್ಣು ಮುಟ್ಟಿದ್ದಾರೆ. ಆದರೆ ಪ್ರಮಾಣಪತ್ರಕ್ಕೂ, ಕೆಲವೆಡೆ ದೊರೆಯುವ ಕೃಪಾಂಕಗಳಿಗೂ ಆಸೆಪಟ್ಟು ಗಂಟೆಗಳನ್ನು ಮಾತ್ರ ಎಣಿಸುವವರೂ ಉಂಟೆಂಬುದನ್ನು ಅಲ್ಲಗಳೆಯಲಾಗದು. 'ನಾನಲ್ಲ' ಎಂಬ ಮಾತನ್ನು ತನ್ನ ಹೆಸರಿನ ಪ್ರಮಾಣಪತ್ರಕ್ಕಾಗಿ ಹೇಳುವುದು ವಿಚಿತ್ರವಲ್ಲವೆ?

ಗಂಟೆಗಳ ಎಣಿಕೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ನಾವು ರೈಲ್ವೆಯ ಸೇವೆಯಲ್ಲಿ ಕಲಿತೆವು. ಮಳೆಗಾಲದಲ್ಲಿ ಘಾಟಿನ ಹಳಿಗಳ ಮೇಲೆ ರಾತ್ರಿಯೆಲ್ಲ ಗಸ್ತು ನಡೆಯುತ್ತದೆ. ಗಸ್ತಿನವನ ಕೈಯಲ್ಲಿ ದೀಪ, ಚೀಲದಲ್ಲಿ ಅಪಾಯಸೂಚನೆಗೆ ಹಳಿಯ ಮೇಲಿಡುವ ಪಟಾಕಿ, ಜೊತೆಗೊಂದು ಗಸ್ತಿನ ಪುಸ್ತಕ. ತನ್ನ ಸರಹದ್ದಿನ ಕೊನೆಯಲ್ಲಿ ಎದುರಿನಿಂದ ಬಂದವನೊಡನೆ ಅವನು ಪುಸ್ತಕವನ್ನು ಬದಲಾಯಿಸಿಕೊಳ್ಳಬೇಕು. ಅವನು ನಡೆದನೆಂಬುದಕ್ಕೆ ಅದೇ ಸಾಕ್ಷಿ. ಆದರೆ ನಡೆಯುವಾಗ ಅವನ ಕಣ್ಣು ಹಳಿಯ ಮೇಲಿತ್ತೆ ಎಂಬುದನ್ನು ಆ ಪುಸ್ತಕ ಹೇಳಲಾರದು.

ರೈಲ್ವೆ ಸಪ್ತಾಹದ ಪ್ರಶಸ್ತಿಗಳಿಗೆ ಹೆಸರು ಆರಿಸುವ ಕೆಲಸ ಒಮ್ಮೆ ನಮ್ಮ ಪಾಲಿಗೂ ಬಂದಿತ್ತು. ಹಳಿಯ ಮೇಲೆ ಬಿದ್ದ ಬಂಡೆಯನ್ನು ಕಂಡು ಗಾಡಿ ನಿಲ್ಲಿಸಿದವನೊಬ್ಬನ ಹೆಸರು ಬಂತು, ಸಂತೋಷದಿಂದ ಬರೆದೆವು. ಇಪ್ಪತ್ತು ಮಳೆಗಾಲ ಅದೇ ಘಾಟಿಯಲ್ಲಿ ನಡೆದ ಇನ್ನೊಬ್ಬನ ಹೆಸರೂ ಬಂತು. 'ವಿಶೇಷ ಘಟನೆ' ಎಂಬ ಅಂಕಣ ಖಾಲಿಯಿತ್ತು. ಅವನ ಪಾಳಿಯಲ್ಲಿ ಬಂಡೆ ಬಿದ್ದಿರಲಿಲ್ಲ, ಅಷ್ಟೆ. ನಾವು ಆ ಹೆಸರನ್ನು ಹೊಡೆದುಹಾಕಿದೆವು. ಅವನೊಡನೆ ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದ ಗಸ್ತಿನವರನ್ನು ಕೇಳಿದ್ದರೆ ಅವನೆಂಥವನೆಂದು ಅವರು ಹೇಳುತ್ತಿದ್ದರು. ನಾವು ಕೇಳಲಿಲ್ಲ. ಆ ತಪ್ಪು ನಮ್ಮದೇ. ನಿವೃತ್ತಿಯ ನಂತರವೂ ಅದು ಮನಸ್ಸಿನಿಂದ ಹೋಗಿಲ್ಲ.

ಎರಡನೆಯ ಆಕ್ಷೇಪ ದಾತನ ಕುರಿತು. ಗುಣಗಳನ್ನು ಪಟ್ಟಿಮಾಡಿದ ರೋಡ್ಸ್ ತಾನು ಅವುಗಳಂತೆ ನಡೆದನೆ? ಕೇಪ್ ಪ್ರಾಂತದ ಪ್ರಧಾನಿಯಾಗಿ 1894ರಲ್ಲಿ ಅವನು ತಂದ ಗ್ಲೆನ್ ಗ್ರೇ ಕಾಯಿದೆ ಆಫ್ರಿಕದ ಮೂಲನಿವಾಸಿಗಳ ಭೂಮಿಯ ಹಕ್ಕನ್ನು ಮೊಟಕುಗೊಳಿಸಿ, ಅವರನ್ನು ಕೂಲಿಗೆ ದೂಡುವಂಥದಾಗಿತ್ತು. ದುರ್ಬಲರಲ್ಲಿ ಅನುಕಂಪ ಎಂದು ಬರೆದ ಕೈಯೇ ಅದಕ್ಕೂ ಕಾರಣವಾಯಿತು. ಸ್ತ್ರೀಯರಿಗಂತೂ ಈ ವೇತನದ ಬಾಗಿಲು ತೆರೆದದ್ದು 1977ರಲ್ಲಿ. 2015ರಲ್ಲಿ ವಿದ್ಯಾರ್ಥಿಗಳ ಚಳವಳಿಯ ಫಲವಾಗಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಆವರಣದಿಂದ ಅವನ ಪ್ರತಿಮೆಯನ್ನು ತೆಗೆಯಲಾಯಿತು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು ಮಾತ್ರ ತನ್ನಲ್ಲಿರುವ ಪ್ರತಿಮೆಯನ್ನು ತೆಗೆಯದಿರಲು 2021ರಲ್ಲಿ ನಿರ್ಧರಿಸಿತು. ಇನ್ನೊಂದೆಡೆ, ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲರೇ ರೋಡ್ಸ್ ನಿಧಿಯೊಡನೆ ತಮ್ಮ ಹೆಸರನ್ನು ಜೋಡಿಸಲು ಒಪ್ಪಿ, ಆಫ್ರಿಕದ ತರುಣರಿಗಾಗಿ ಪ್ರತ್ಯೇಕ ವಿದ್ಯಾರ್ಥಿವೇತನಕ್ಕೆ ಕಾರಣರಾದರು.

ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರಾಗಿ ವಿಂಗಡಿಸಿದೆ. ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ, ಪ್ರತ್ಯುಪಕಾರ ಮಾಡಲಾರದವನಿಗೆ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕ. ಫಲವನ್ನು ನಿರೀಕ್ಷಿಸಿ, ಕ್ಲೇಶಪಟ್ಟು ಕೊಟ್ಟದ್ದು ರಾಜಸ. ಅಪಾತ್ರನಿಗೆ ಅನಾದರದಿಂದ ಕೊಟ್ಟದ್ದು ತಾಮಸ. ಸಾಮ್ರಾಜ್ಯದ ಬಲವರ್ಧನೆಯನ್ನು ಮನಸ್ಸಿನಲ್ಲಿಟ್ಟು ಕೊಟ್ಟ ದಾನ ರಾಜಸವೆನ್ನಲು ಅಡ್ಡಿಯಿಲ್ಲ. ಆದರೆ ದಾತನ ದೋಷ ದಾತನದು. ಪಡೆದವನು ಆ ದ್ರವ್ಯವನ್ನು ಹೇಗೆ ವಿನಿಯೋಗಿಸಿದನೆಂಬುದು ಅವನ ಹೊಣೆ. ಇಷ್ಟು ಮಾತ್ರ ಅಗತ್ಯ: ಹಣ ಎಲ್ಲಿಂದ ಬಂತೆಂಬುದನ್ನು ಪಡೆದವನು ತಿಳಿದಿರಬೇಕು, ಮರೆಮಾಚಬಾರದು.

ಪಡೆಯುವವನ ಮರ್ಯಾದೆ ಎಂಥದೆಂಬುದಕ್ಕೆ ಕಾಳಿದಾಸನ ರಘುವಂಶದ ಐದನೆಯ ಸರ್ಗದ ಕೌತ್ಸನನ್ನು ನೆನೆಯಬೇಕು. ವರತಂತುವಿನ ಶಿಷ್ಯನಾದ ಆತ ಗುರುದಕ್ಷಿಣೆ ಏನೆಂದು ಕೇಳಿದಾಗ ಗುರುವು ಅವನ ಬಹುಕಾಲದ ಭಕ್ತಿಯನ್ನೇ ದಕ್ಷಿಣೆಯೆಂದು ಎಣಿಸಿದನು. ಅಲ್ಲಿಗೆ ಮುಗಿಯಬೇಕಾಗಿತ್ತು. ಶಿಷ್ಯ ಮತ್ತೆ ಮತ್ತೆ ಒತ್ತಾಯಿಸಿದ್ದರಿಂದ ಕೋಪಗೊಂಡ ಗುರು ಹದಿನಾಲ್ಕು ವಿದ್ಯೆಗಳ ಲೆಕ್ಕದಲ್ಲಿ ಹದಿನಾಲ್ಕು ಕೋಟಿ ಕೇಳಿದನು. ಲೆಕ್ಕವಿಲ್ಲದ ಸೇವೆಗೆ ಲೆಕ್ಕ ಬಂದದ್ದು ಹೀಗೆ! ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ತಂದ ರಘುವಿನ ಕೋಶದಲ್ಲಿ ಕುಬೇರನ ಸುವರ್ಣ ಸುರಿದಾಗ, ರಾಜನು ಎಲ್ಲವನ್ನೂ ಒಯ್ಯೆಂದನು. ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಒಲ್ಲೆನೆಂದನು. ಸಾಕೇತದ ಜನ ಇಬ್ಬರನ್ನೂ ಕೊಂಡಾಡಿದರು.

ಇಷ್ಟರಿಂದ ನಮಗೆ ತೋರುವ ನಿರ್ಣಯವಿದು. ಸೇವೆಯನ್ನು ಗೌರವಿಸುವುದು ಸಮಾಜದ ಧರ್ಮ. ಅಂಕಗಳನ್ನೇ ನೋಡಿ ಗುಣವನ್ನು ಕಡೆಗಣಿಸಿದರೆ ವಿದ್ಯೆ ಒಣಗುತ್ತದೆ. ಆದುದರಿಂದ ಇಂಥ ವೇತನಗಳು ಇರಲಿ. ಆದರೆ ತೂಗುವವನ ಧರ್ಮ ಬೇರೆ, ಮಾಡುವವನ ಧರ್ಮ ಬೇರೆ. ತೂಗುವವನು ಘಟನೆಯನ್ನಷ್ಟೇ ನೋಡದೆ ಜೊತೆಗಿದ್ದವರನ್ನು ಕೇಳಬೇಕು. ಮಾಡುವವನು ತಕ್ಕಡಿಯ ಕಡೆ ನೋಡದೆ ಕೆಲಸದ ಕಡೆ ನೋಡಬೇಕು. ಇವೆರಡರ ನಡುವೆ ಸಾಕ್ಷಿ ನುಡಿಯುವವನೊಬ್ಬನಿದ್ದಾನೆ. ಅವನು ಕಂಡಷ್ಟನ್ನೇ ಬರೆಯಬೇಕು. ಹುಡುಗನ ಭವಿಷ್ಯಕ್ಕಾಗಿ ಒಂದು ಸಣ್ಣ ಸುಳ್ಳು ಎಂದು ನಾವು ಸಹಿ ಮಾಡಿದರೆ, ಆ ಹುಡುಗನಿಗೆ ಸೇವೆಯ ವಿಷಯದಲ್ಲಿ ನಾವು ಕಲಿಸಿದ ಮೊದಲ ಪಾಠವೇ ಸುಳ್ಳಾಗುತ್ತದೆ. ಮತ್ತೆಲ್ಲೋ ನಿಜವಾಗಿ ದುಡಿದ, ಸಹಿ ಮಾಡುವ ಹಿರಿಯರ ಪರಿಚಯವಿಲ್ಲದ ಹುಡುಗನೊಬ್ಬನಿಗೆ ಅನ್ಯಾಯವೂ ಆಗುತ್ತದೆ.

ಮುಂದಿನ ಭಾನುವಾರ ತಂದೆಮಕ್ಕಳು ಬಂದಾಗ ಪತ್ರವನ್ನು ಕೊಟ್ಟೆವು. 'ನಾಲ್ಕು ಸಲ ಬಡಿಸಿದ್ದಾನೆ. ಬಡಿಸುವಾಗ ವೃದ್ಧರಿಗೆ ಬಾಗಿ ಕೇಳಿ ಬಡಿಸಿದ್ದನ್ನು ಕಂಡಿದ್ದೇವೆ' ಎಂದಿಷ್ಟೇ ಅದರಲ್ಲಿತ್ತು. ತಂದೆಯ ಮುಖ ಚಿಕ್ಕದಾಯಿತು. "ಇಷ್ಟೇ ಏನು ರಾಯರೇ?" ಎಂದರು. ಹುಡುಗ ಪತ್ರವನ್ನು ತೆಗೆದುಕೊಂಡು ಓದಿದನು. ಸ್ವಲ್ಪ ತಡೆದು, "ಅಜ್ಜಾ, ನಾಲ್ಕಲ್ಲ, ಮೂರು ಸಲ. ಒಮ್ಮೆ ನಾನು ಊಟಕ್ಕೆ ಬಂದಿದ್ದೆ, ಅಷ್ಟೆ" ಎಂದನು.

ನಾವು ಪತ್ರವನ್ನು ತಿದ್ದಿ ಬರೆದುಕೊಟ್ಟೆವು. ಅದರ ಕೊನೆಗೆ, ಈ ತಿದ್ದುಪಡಿ ಅವನೇ ಹೇಳಿ ಮಾಡಿಸಿದ್ದೆಂಬ ಒಂದು ಸಾಲನ್ನು ಸೇರಿಸಿದೆವು. ರೋಡ್ಸನ ಪಟ್ಟಿಯಲ್ಲಿ ಗುಣಗಳ ಸಾಲು ಸತ್ಯದಿಂದಲೇ ಆರಂಭವಾಗುತ್ತದೆ. ಆ ಸಾಲನ್ನು ಓದುವವರು ಅದಕ್ಕೆ ಎಷ್ಟು ಅಂಕ ಕೊಟ್ಟಾರೋ, ಅದು ಅವರಿಗೆ ಬಿಟ್ಟದ್ದು.