ಮೊಸರನ್ನ ತಿಂದವರು ಯಾರು?

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆ ನಮಗೆಲ್ಲ ಗೊತ್ತು. ತಪ್ಪು ಒಬ್ಬರದು, ಕಳಂಕ ಇನ್ನೊಬ್ಬರಿಗೆ. ಮಲೆನಾಡಿನ ಒಂದು ಕಾಯಿಲೆಯ ವಿಷಯದಲ್ಲಿ ಮಾತ್ರ ಈ ಗಾದೆ ತಲೆಕೆಳಗಾಗಿದೆ. ಅಲ್ಲಿ ಬಾಯಿಗೆ ಮೊಸರು ಮೆತ್ತಿಸಿಕೊಂಡದ್ದು ಕೋತಿಯೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕೆಂಪು ಮೂತಿಯ ಕೋತಿ, ಕಪ್ಪು ಮೂತಿಯ ಮುಸುವ ಎರಡೂ. ಸುತ್ತಲಿನ ಹಳ್ಳಿಗಳಲ್ಲಿ ಸೌದೆಗೆ, ಸೊಪ್ಪಿಗೆಂದು ಕಾಡಿಗೆ ಹೋಗಿ ಬಂದವರು ವಿಪರೀತ ಜ್ವರ, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ರಕ್ತಸ್ರಾವವಾಯಿತು, ಕೆಲವರು ಏಳಲೇ ಇಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳಲ್ಲೂ ಮಲಗಿದ ಮನುಷ್ಯರಲ್ಲೂ ಇರುವುದು ಒಂದೇ ವೈರಸ್ ಎಂದು ಕಂಡುಕೊಂಡರು. ವಿಜ್ಞಾನ ಅದಕ್ಕೆ ಕಾಡಿನ ಹೆಸರಿಟ್ಟಿತು: ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು.

ಈ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸತ್ತ ಮಂಗ ಕಣ್ಣಿಗೆ ಬೀಳುತ್ತದೆ, ತರಗೆಲೆಯ ನಡುವಿನ ಉಣುಗಿನ ಮರಿ ಬೀಳುವುದಿಲ್ಲ. ರೋಗವನ್ನು ದಾಟಿಸುವುದು ಆ ಉಣುಗು. ಮಂಗನನ್ನು ಕಚ್ಚುವುದೂ ಅದೇ, ಮನುಷ್ಯನನ್ನು ಕಚ್ಚುವುದೂ ಅದೇ. ಮಂಗನ ರಕ್ತದಲ್ಲಿ ವೈರಸ್ ಹೆಚ್ಚುತ್ತದೆ, ಅದು ಸತ್ತಾಗ ಮೈಮೇಲಿನ ಉಣುಗುಗಳು ಉದುರಿ ಆ ಜಾಗ ಅಪಾಯದ್ದಾಗುತ್ತದೆ, ಇದೆಲ್ಲ ನಿಜ. ಆದರೂ ಅದು ಅಪರಾಧಿಯಲ್ಲ, ನಮಗಿಂತ ಮೊದಲು ಮಲಗಿದ ರೋಗಿ. ಇನ್ನೊಂದು ಮಾತಿದೆ. ಬೆಳೆದ ಉಣುಗುಗಳು ಹೆಚ್ಚಾಗಿ ರಕ್ತ ಹೀರುವುದು ದನಕರುಗಳದ್ದು. ಕಾಡು ಕಡಿದು, ಅಂಚಿನಲ್ಲಿ ಸಾಗುವಳಿ ಮಾಡಿ, ಒಳಗೆ ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿರಬೇಕೆಂದು ಆ ಕಾಲದ ಸಂಶೋಧಕರೇ ಶಂಕಿಸಿದ್ದರು. ಹಾಗಿದ್ದರೆ ಮೊಸರನ್ನ ತಿಂದವರು ಯಾರು?

ಇಂದು ಮಲೆನಾಡಿನಲ್ಲಿ ಒಂದು ಮಂಗ ಸತ್ತರೆ ಅದು ಸುದ್ದಿ. ಆರೋಗ್ಯ ಇಲಾಖೆಗೆ ತಿಳಿಸಬೇಕು, ದೇಹವನ್ನು ಪರೀಕ್ಷಿಸಬೇಕು, ಸುಡಬೇಕು, ಆ ಕಡೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು. ಮಂಗನ ಸಾವು ನಮಗೆ ಮುನ್ಸೂಚನೆ. ಇದರಿಂದ ಮನುಷ್ಯರ ಜೀವ ಉಳಿದಿದೆ, ಅದನ್ನು ಹಗುರಾಗಿ ಕಾಣಲಾಗದು. ಆದರೆ ಒಂದು ಜೀವದ ಸಾವು ನಮಗೆ ಬರೀ ಸೂಚನೆಯಾಗಿ ಕಂಡಾಗ ಏನೋ ಕೈತಪ್ಪಿ ಹೋಗುತ್ತದೆ. ಪತ್ರ ಓದಿ ಮುಗಿದ ಮೇಲೆ ಲಕೋಟೆಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಪ್ರಯೋಗಾಲಯದೊಳಗೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಕಾಡಿನಲ್ಲಿ ಮಂಗ ತಾನಾಗಿ ರೋಗಕ್ಕೆ ಬೀಳುತ್ತದೆ, ನಾವು ಓದಿಕೊಳ್ಳುತ್ತೇವೆ. ಪ್ರಯೋಗಾಲಯದಲ್ಲಿ ರೋಗ ಕೊಡುವವರು ನಾವೇ. ಈ ಕಾಯಿಲೆಯ ಹಾದಿ ತಿಳಿಯಲು ಕೋತಿಗಳಿಗೆ ವೈರಸ್ ಚುಚ್ಚಿ ನೋಡಿದ್ದೂ ಉಂಟು. ಯಾಕೆ ಕೋತಿಯೇ? ಅದು ನಮ್ಮ ಹಾಗಿದೆ ಎಂದು. ಹಾಗಾದರೆ ಅದಕ್ಕೆ ನೋವು ಕೊಡುವುದು ತಪ್ಪಲ್ಲವೇ ಎಂದರೆ, ಅದು ನಮ್ಮ ಹಾಗಲ್ಲವಲ್ಲ ಎನ್ನುತ್ತೇವೆ. ಒಂದೇ ಉಸಿರಿನಲ್ಲಿ ಎರಡು ಮಾತು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಎಂಬ ಮನೋವಿಜ್ಞಾನಿ ರೀಸಸ್ ಕೋತಿಯ ಮರಿಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರ್ಪಡಿಸಿ, ಎರಡು ಬೊಂಬೆ ತಾಯಂದಿರ ನಡುವೆ ಬಿಟ್ಟ. ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆ ಹೊದ್ದದ್ದು. ತಂತಿಯ ತಾಯಿ ಹಾಲು ಕೊಟ್ಟರೂ ಮರಿಗಳು ಹೆಚ್ಚು ಹೊತ್ತು ಅಪ್ಪಿಕೊಂಡದ್ದು ಬಟ್ಟೆಯ ತಾಯಿಯನ್ನು. ಪ್ರೀತಿಯ ಬೇರು ಹಾಲಿನಲ್ಲಿಲ್ಲ, ಸ್ಪರ್ಶದಲ್ಲಿದೆ ಎಂದು 1958ರಲ್ಲಿ ಅವನು ಜಗತ್ತಿಗೆ ಹೇಳಿದ. ಮಕ್ಕಳನ್ನು ಮುದ್ದಿಸಿದರೆ ಕೆಡುತ್ತಾರೆಂದು ಬೋಧಿಸುತ್ತಿದ್ದ ಅಲ್ಲಿನ ಪಂಡಿತರಿಗೆ ಅದು ಉತ್ತರವಾಗಿತ್ತು. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಮರಿಗಳನ್ನು ತಿಂಗಳುಗಟ್ಟಲೆ, ಕೆಲವನ್ನು ವರ್ಷದವರೆಗೆ ಒಂಟಿಯಾಗಿ ಕೂಡಿಹಾಕಿದ. ಹೊರಬಂದವು ತಮ್ಮನ್ನೇ ಅಪ್ಪಿಕೊಂಡು ತೂಗಾಡುತ್ತಿದ್ದವು. ಒಂಟಿತನ ಜೀವವನ್ನು ಮುರಿಯುತ್ತದೆ ಎಂದು ತಿಳಿಯಲು ಮುರಿದು ನೋಡಲೇಬೇಕಿತ್ತೇ? ಅವು ನಮ್ಮಷ್ಟೇ ಪ್ರೀತಿಗೆ ಹಸಿಯುತ್ತವೆ ಎಂದು ಮೊದಲ ಪ್ರಯೋಗವೇ ಹೇಳಿತ್ತಲ್ಲ.

ಹಾಗೆಂದು ಎಲ್ಲ ಪ್ರಯೋಗವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯಲು ನನಗೆ ಬಾಯಿ ಬರುವುದಿಲ್ಲ. 1955ರಲ್ಲಿ ಬಂದ ಸಾಕ್‌ನ ಪೋಲಿಯೊ ಲಸಿಕೆಯ ವೈರಸ್ಸನ್ನು ಬೆಳೆಸಿದ್ದು ಮಂಗಗಳ ಮೂತ್ರಪಿಂಡದ ಜೀವಕೋಶಗಳಲ್ಲಿ. ಅದಕ್ಕಾಗಿ ಭಾರತದಿಂದ ರೀಸಸ್ ಕೋತಿಗಳು ದೊಡ್ಡ ಸಂಖ್ಯೆಯಲ್ಲಿ ಹೊರದೇಶಕ್ಕೆ ಹೋದವು. ಕಾಲು ಎಳೆಯದೆ ನಡೆಯುವ ಮಗುವಿನ ಮುಂದೆ ನಿಂತು, ಆ ಲಸಿಕೆ ಬೇಡವಾಗಿತ್ತು ಎಂದು ಯಾರು ಹೇಳಿಯಾರು? ರಕ್ತದ ಗುಂಪಿನ ವರದಿಯಲ್ಲಿ ಪಾಸಿಟಿವ್, ನೆಗೆಟಿವ್ ಎಂದು ಬರೆಯುವ ಆರ್‌ಎಚ್ ಅಂಶದ ಹೆಸರೂ ಈ ರೀಸಸ್‌ನದೇ. ರೋಗದ ಹೆಸರಿನಲ್ಲಿ ಮಂಗ ಎಲ್ಲರಿಗೂ ಕೇಳಿಸುತ್ತದೆ. ಉಪಕಾರದ ಹೆಸರಿನಲ್ಲಿ ಅದು ಎರಡು ಅಕ್ಷರಗಳಾಗಿ ಅಡಗಿ ಕೂತಿದೆ.

ಈ ರಫ್ತು 1978ರಲ್ಲಿ ನಿಂತಿತು. ವೈದ್ಯಕೀಯ ಸಂಶೋಧನೆಗೆಂದು ಕಳಿಸಿದ ಕೋತಿಗಳನ್ನು ಅಮೆರಿಕದ ಸೇನೆಯ ವಿಕಿರಣ ಪ್ರಯೋಗಗಳಿಗೂ ಬಳಸಿದ್ದು ಬಯಲಾದ ಮೇಲೆ ಮೊರಾರ್ಜಿ ದೇಸಾಯಿಯವರ ಸರ್ಕಾರ ನಿಷೇಧ ಹಾಕಿತು. ಇಲ್ಲಿ ನನಗೊಂದು ಅಳತೆಗೋಲು ಕಾಣುತ್ತದೆ. ಜೀವ ಕೊಟ್ಟದ್ದು ಯಾತಕ್ಕೆ ಎಂದು ಕೇಳುವ ಹಕ್ಕು, ಕೊಟ್ಟ ಜೀವಕ್ಕೆ ಬಾಯಿಲ್ಲದಿರುವಾಗ, ನಮ್ಮ ಮೇಲಿನ ಹೊಣೆಯಾಗುತ್ತದೆ. ಬೇರೆ ದಾರಿ ಇತ್ತೇ? ತಿಳಿದದ್ದನ್ನೇ ಮತ್ತೆ ತಿಳಿಯಲು ಹೊರಟೆವೇ? ತಿಳಿದ ಮೇಲೆ ಅದರಂತೆ ನಡೆದೆವೇ?

ಕೊನೆಯ ಪ್ರಶ್ನೆಯೇ ಕಷ್ಟದ್ದು. ಕ್ಯಾಸನೂರಿನ ಮಂಗಗಳು ತಮ್ಮ ಸಾವಿನಿಂದ ನಮಗೆ ಹೇಳಿ ಅರವತ್ತು ವರ್ಷ ದಾಟಿತು. ಅಂದು ಒಂದು ಜಿಲ್ಲೆಯಲ್ಲಿದ್ದ ರೋಗ ಇಂದು ಪಶ್ಚಿಮಘಟ್ಟದ ಉದ್ದಕ್ಕೂ, ಹೊರರಾಜ್ಯಗಳಲ್ಲೂ ಇದೆ. ವರ್ಷಗಟ್ಟಲೆ ಕೊಟ್ಟ ಲಸಿಕೆ ಸಾಕಷ್ಟು ಕಾಯುವುದಿಲ್ಲವೆಂದು ಕೈಬಿಡಲಾಗಿದೆ. ಬೇಸಿಗೆ ಬಂತೆಂದರೆ ಸೌದೆಗೆ, ತರಗೆಲೆಗೆ ಕಾಡಿಗೆ ಹೋಗದೆ ವಿಧಿಯಿಲ್ಲದ ಬಡವರೇ ಈಗಲೂ ಮಂಗನ ಪಕ್ಕದ ಸಾಲಿನಲ್ಲಿದ್ದಾರೆ. ಅವರಿಗೆ ನಾವು ಮಾಡಬೇಕಾದದ್ದನ್ನು ಮಾಡದೆ ಮಂಗನಿಗೆ ಕೃತಜ್ಞತೆ ಹೇಳಿದರೆ ಅದು ಬಾಯಿಮಾತು.

ಹೆಸರು ಬದಲಿಸುವುದು ಇನ್ನು ಕಷ್ಟ. ಜನ ಮಂಗನ ಕಾಯಿಲೆ ಎಂದೇ ಅನ್ನುತ್ತಾರೆ, ಅನ್ನಲಿ. ಹಾಗೆ ಅನ್ನುವಾಗ, ಅದು ಮಂಗ ನಮಗೆ ತಂದ ಕಾಯಿಲೆಯಲ್ಲ, ಮಂಗನಿಗೂ ಬಂದ ಕಾಯಿಲೆ ಎಂಬುದು ನೆನಪಿದ್ದರೆ ಸಾಕು.